ನಲ್ಲಿ ಮೇಸ್ತ್ರಿಯ ಒಂದೂವರೆ ಲೀಟರು

ನಲ್ಲಿ ಮೇಸ್ತ್ರಿ ಕೈ ಇಟ್ಟ ನಲ್ಲಿ ಮತ್ತೆ ಸೋರಿದ ದಾಖಲೆ ಇಲ್ಲ. ಇದು ಬೇರೆಯವರು ಹೇಳಿದ ಮಾತಲ್ಲ, ಅವನೇ ಹೇಳಿಕೊಂಡದ್ದು. ಆದರೆ ಮೂವತ್ತು ವರ್ಷ ಒಂದೇ ಸಮ ಹೇಳಿದ್ದರಿಂದ ಊರಿನವರೂ ನಂಬಿಬಿಟ್ಟಿದ್ದರು. ನೀರು ತನ್ನ ಮಾತು ಕೇಳುತ್ತದೆ, ನಿಲ್ಲು ಅಂದರೆ ನಿಲ್ಲುತ್ತದೆ, ಹರಿ ಅಂದರೆ ಹರಿಯುತ್ತದೆ, ಹೆಂಡತಿಯೊಬ್ಬಳನ್ನು ಬಿಟ್ಟರೆ ಲೋಕದಲ್ಲಿ ತನ್ನ ಅಂಕೆಗೆ ಸಿಗದ ಪ್ರವಾಹವೇ ಇಲ್ಲ ಎಂಬುದು ಅವನ ಸಿದ್ಧಾಂತ. ಹಾಗಾಗಿ ತೂಕ ಇಳಿಸುವ ಆಪರೇಷನ್ ಮುಗಿದ ಮೇಲೆ ಡಾಕ್ಟರು, "ಇನ್ಮೇಲೆ ನಿಮಗೆ ಕಷ್ಟ ಆಗೋದು ಊಟ ಅಲ್ಲ, ನೀರು" ಎಂದಾಗ ಅವನು ನಕ್ಕ. ನಕ್ಕರೆ ಹೊಟ್ಟೆಯ ಹೊಲಿಗೆ ಎಳೆಯುತ್ತಿತ್ತು, ಆದರೂ ನಕ್ಕ.

ಆಪರೇಷನ್ನಿಗೆ ಕಾರಣ ಒಂದು ಸಿಂಕು. ಯಾರದೋ ಅಡುಗೆಮನೆಯಲ್ಲಿ ಸಿಂಕಿನ ಕೆಳಗಿನ ಕಪಾಟಿಗೆ ಪೈಪು ಬಿಗಿಯಲು ನುಗ್ಗಿದ ಮೇಸ್ತ್ರಿ ಕೆಲಸ ಮುಗಿದ ಮೇಲೂ ಹೊರಗೆ ಬರಲಿಲ್ಲ. ಬರಲಾಗಲಿಲ್ಲ. ಮನೆಯವರು ಒಂದು ಕಾಲು, ಪಕ್ಕದ ಮನೆಯವರು ಇನ್ನೊಂದು ಕಾಲು ಹಿಡಿದು ಎಳೆದರು. ಮೇಸ್ತ್ರಿ ಬಂದ, ಅವನ ಜೊತೆ ಕಪಾಟು ಬಂತು, ಕಪಾಟಿನ ಜೊತೆ ಸಿಂಕೂ ಬಂತು. ಅರ್ಧ ಅಡುಗೆಮನೆಯನ್ನು ಸೊಂಟಕ್ಕೆ ಉಟ್ಟುಕೊಂಡು ನಿಂತ ಗಂಡನನ್ನು ಬಿಡಿಸಿಕೊಂಡು ಹೋಗಲು ಹೆಂಡತಿ ಓಡಿಬಂದಳು. ಆಕೆ ಬಟ್ಟೆ ಹೊಲಿಯುವವಳು, ಅಳತೆ ಟೇಪು ಕೊರಳಲ್ಲೇ ಇತ್ತು. ಅಲ್ಲೇ ಸುತ್ತಿ ನೋಡಿದಳು. ಟೇಪು ಮುಗಿಯಿತು, ಸೊಂಟ ಮುಗಿಯಲಿಲ್ಲ. (ಕಪಾಟನ್ನು ಬಿಡಿಸಿದ ಮೇಲೆ ಅಳೆದಿದ್ದರೂ ಫಲ ಅದೇ ಎಂದು ಆಕೆ ಈಗಲೂ ಹೇಳುತ್ತಾಳೆ.)

ಡಾಕ್ಟರು ಹೊಟ್ಟೆಯ ಮುಕ್ಕಾಲು ಪಾಲು ತೆಗೆದು, ಬಾಳೆಹಣ್ಣಿನ ಗಾತ್ರದ ಒಂದು ಚೀಲ ಉಳಿಸಿ ಕಳಿಸಿದರು. ದಿನಕ್ಕೆ ಒಂದೂವರೆ ಲೀಟರು ನೀರು ಒಳಗೆ ಹೋಗಬೇಕು, ಅದೂ ಒಂದೊಂದೇ ಗುಟುಕು. ಊಟದ ಜೊತೆ ಕುಡಿಯಬಾರದು. ಬಾಯಾರಿಕೆಯನ್ನು ಕಾಯುತ್ತ ಕೂರಬಾರದು, ಏಕೆಂದರೆ ಹೊಸ ಹೊಟ್ಟೆ ಅದನ್ನು ಸರಿಯಾಗಿ ಹೇಳುವುದೇ ಇಲ್ಲ. ಎರಡು ವಾರ ಬಿಟ್ಟು ಬಂದಾಗ ಮೈಯಲ್ಲಿ ನೀರಿದ್ದರೆ ಕೆಲಸಕ್ಕೆ ಅಪ್ಪಣೆ, ಇಲ್ಲದಿದ್ದರೆ ಮತ್ತೆ ಇದೇ ಮಂಚ. ಮೇಸ್ತ್ರಿಗೆ ಬೇಕಾಗಿದ್ದದ್ದು ಆ ಅಪ್ಪಣೆಯೊಂದೇ. ಸ್ಪ್ಯಾನರು ಹಿಡಿಯದೆ ತಿಂಗಳಾಗಿ ಅಂಗೈ ತುರಿಸುತ್ತಿತ್ತು.

ತೊಂದರೆ ಏನೆಂದರೆ, ಅವನಿಗೆ ನೀರು ಕುಡಿಯುವ ವಿಧಾನ ಗೊತ್ತಿದ್ದದ್ದು ಒಂದೇ: ಚೊಂಬು ಎತ್ತುವುದು, ಗಂಟಲು ತೆರೆಯುವುದು, ಖಾಲಿ ಚೊಂಬು ಇಳಿಸುವುದು. ಮನೆಗೆ ಬಂದ ದಿನ ಹಾಗೆಯೇ ಮಾಡಿದ. ಹೋದದ್ದಕ್ಕಿಂತ ಹೆಚ್ಚು ವಾಪಸು ಬಂತು. ಅಂದಿನಿಂದ ಹೆಂಡತಿ ಲೋಟ ಅವನ ಕೈಗೆ ಕೊಟ್ಟು, ಹೊಲಿಗೆ ಮೆಷಿನ್ನಿನ ಮುಂದೆ ಕೂತು, ಒಂದು ತೋಳು ಹೊಲಿದಾಗೊಮ್ಮೆ, ಒಂದು ಕಾಲರು ಮುಗಿದಾಗೊಮ್ಮೆ, "ರೀ, ಗುಟುಕು" ಎನ್ನತೊಡಗಿದಳು. ಮೂರನೆಯ ದಿನಕ್ಕೆ ಮೇಸ್ತ್ರಿಯ ಅಭಿಮಾನ ಕೆರಳಿತು.

"ಊರಿಗೆಲ್ಲ ನೀರು ಕೊಟ್ಟವನು ನಾನು. ನನಗೆ ನೀರು ಕುಡಿಸೋಕೆ ನೀನು ಬೇಕೇನೇ?"

"ಊರಿಗೆ ಕೊಟ್ಟಿದ್ದು ಸಾಕು. ಈಗ ನೀವೂ ಒಂಚೂರು ತಗೊಳ್ಳಿ."

ಆಗ ಹೊಳೆದದ್ದು ಆ ಮಹಾ ಉಪಾಯ. ಒಂದೊಂದೇ ಗುಟುಕು ನೀರು ಕೊಡುವ ಯಂತ್ರ ಲೋಕದಲ್ಲಿ ಯಾವತ್ತಿನಿಂದಲೂ ಇದೆಯಲ್ಲ, ಸೋರುವ ನಲ್ಲಿ! ಒಂದೂವರೆ ಲೀಟರೆಂದರೆ ಮೂವತ್ತು ಸಾವಿರ ಹನಿ. ಎಚ್ಚರವಿರುವ ಹದಿನಾಲ್ಕು ಗಂಟೆಗೆ ಹಂಚಿದರೆ ಹತ್ತು ಸೆಕೆಂಡಿಗೆ ಆರು ಹನಿ. ಅಡುಗೆಮನೆಯ ನಲ್ಲಿ ಬಿಚ್ಚಿ, ಒಳಗಿನ ಚೆನ್ನಾಗಿದ್ದ ವಾಷರನ್ನು ತಾನೇ ಬ್ಲೇಡಿನಿಂದ ಕೆರೆದು ಕೆಡಿಸಿದ. ಹಾಗೆ ಕೆಡಿಸುವಾಗ ಅವನ ಕಣ್ಣಲ್ಲಿ ನೀರು ಬಂತು (ಇದ್ದ ಅಲ್ಪ ನೀರೂ ಹೀಗೆ ಖರ್ಚಾಯಿತು). ಕೆಳಗೊಂದು ಪುಟ್ಟ ಬಟ್ಟಲಿಟ್ಟ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡ. ಬಟ್ಟಲ ತಳ ತುಂಬಿದಾಗೊಮ್ಮೆ ಕುಡಿಯುವುದು, ತುಂಬದಿದ್ದರೆ ಕಾಯುವುದು. ಎರಡು ವಾರ ನೀರಿನ ಮಾತೇ ಎತ್ತಕೂಡದೆಂದು ಹೆಂಡತಿಯಿಂದ ಮಾತು ತೆಗೆದುಕೊಂಡ. ಆಕೆ ಟೇಪು ಮುಟ್ಟಿ ಮಾತು ಕೊಟ್ಟಳು.

ಮೊದಲ ಬೆಳಿಗ್ಗೆ ಎಲ್ಲ ಲೆಕ್ಕದ ಪ್ರಕಾರವೇ ನಡೆಯಿತು. ಮಧ್ಯಾಹ್ನ ಕುರ್ಚಿಯಲ್ಲೇ ಒಂದು ಜೊಂಪು ಹತ್ತಿ ಎದ್ದು ನೋಡಿದರೆ ಸದ್ದಿಲ್ಲ, ಬಟ್ಟಲು ಒಣಗಿದೆ, ನಲ್ಲಿ ಯಾರೋ ತಿರುಗಿಸಿಟ್ಟ ಹಾಗೆ ಬಿಗಿಯಾಗಿದೆ. ಸಡಿಲ ಮಾಡಿದ. ಪೇಪರು ಓದುತ್ತ ಕೂತು ತಲೆಯೆತ್ತಿದರೆ ಮತ್ತೆ ಬಿಗಿ. ಮಾರನೆಯ ದಿನವೂ ಅದೇ, ಅದರ ಮಾರನೆಯ ದಿನವೂ ಅದೇ. ಬಟ್ಟಲಲ್ಲಿ ನೀರಿಲ್ಲವೆಂದು ಅವನು ಕುಡಿಯಲಿಲ್ಲ, ಬಾಯಾರಿಕೆಯೂ ಆಗದ್ದರಿಂದ ತಾನು ಕುಡಿದಿಲ್ಲವೆಂಬುದು ಅವನಿಗೆ ನೆನಪೂ ಆಗಲಿಲ್ಲ. ನೆನಪಾದದ್ದು ಕಳ್ಳ ಯಾರೆಂಬುದು ಮಾತ್ರ. ತನ್ನ ಯಂತ್ರ ಗೆದ್ದರೆ ಅವಳ ಮಾನ ಹೋಗುತ್ತದೆಂದು ಹೆಂಡತಿಯೇ ಬಂದು ನಲ್ಲಿ ತಿರುಗಿಸುತ್ತಿದ್ದಾಳೆಂದು ನೇರವಾಗಿಯೇ ಆರೋಪ ಮಾಡಿದ.

ಆಕೆ ಕೊಟ್ಟ ಮಾತಿಗೆ ಕಟ್ಟುಬಿದ್ದು ನೀರಿನ ಸುದ್ದಿ ಎತ್ತಲಿಲ್ಲ. ಬಟ್ಟೆಗೆ ಗೆರೆ ಹಾಕುವ ನೀಲಿ ಸೀಮೆಸುಣ್ಣವನ್ನು ಪುಡಿ ಮಾಡಿ, ಅವನು ಕೋಣೆಗೆ ಹೋದಾಗ ನಲ್ಲಿಯ ಹಿಡಿಗೆ ಸವರಿ, ತನ್ನೆರಡು ಕೈ ತೊಳೆದು ಮೆಷಿನ್ನಿಗೆ ಕೂತಳು. ಸಾಯಂಕಾಲ ನಲ್ಲಿ ಎಂದಿನಂತೆ ಬಿಗಿಯಾಗಿತ್ತು. ಆಕೆ ತನ್ನ ಅಂಗೈ ತೋರಿಸಿದಳು. ಬಿಳಿ. ಆಮೇಲೆ ಅವನ ಬಲಗೈ ಹಿಡಿದು ತಿರುಗಿಸಿದಳು. ಅಂಗೈ ಪೂರ್ತಿ ನೀಲಿ.

ಮೂವತ್ತು ವರ್ಷ ಹನಿಯ ಸದ್ದು ಕೇಳಿದೊಡನೆ ನಲ್ಲಿ ಬಿಗಿದ ಕೈ ಅದು. ಯಜಮಾನ ನಿದ್ದೆಯಲ್ಲಿರಲಿ, ಪೇಪರಿನಲ್ಲಿರಲಿ, ಅವನನ್ನೊಂದು ಮಾತು ಕೇಳದೆ ತನ್ನ ಪಾಡಿಗೆ ಹೋಗಿ ಕೆಲಸ ಮುಗಿಸಿ ಬರುತ್ತಿತ್ತು. ಕೈ ಇಟ್ಟ ನಲ್ಲಿ ಸೋರುವುದಿಲ್ಲ ಎಂಬ ಅವನ ಮಾತು ಇಷ್ಟು ನಿಜವೆಂದು ಅವನಿಗೂ ಗೊತ್ತಿರಲಿಲ್ಲ. ಈ ವಿಷಯವನ್ನು ತನ್ನ ಹಿರಿಮೆಯೆಂದೇ ವಿವರಿಸಲು ಮೇಸ್ತ್ರಿ ಥಟ್ಟನೆ ಎದ್ದು ನಿಂತ. ಅಡುಗೆಮನೆ ಒಂದು ಸುತ್ತು ತಿರುಗಿತು. ಎದ್ದಷ್ಟೇ ಥಟ್ಟನೆ ಮಲಗಿದ.

ಆಸ್ಪತ್ರೆಯಲ್ಲಿ ಅದೇ ಮಂಚ. ನರ್ಸಮ್ಮ ಎಡಗೈಗೆ ಸೂಜಿ ಚುಚ್ಚಿ ಡ್ರಿಪ್ಪು ಹಾಕಿ ಹೋದಳು. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಬಾಟಲಿ ತುಂಬಿದ ಹಾಗೇ ಇದೆ, ಹನಿ ನಿಂತಿದೆ. ಸರಿಮಾಡಿ ಹೋದಳು. ಮತ್ತೆ ನಿಂತಿತು. ಮೂರನೆಯ ಸಲ ಬಾಗಿಲಲ್ಲೇ ನಿಂತು ನೋಡಿದಳು: ಮೇಸ್ತ್ರಿ ಕಣ್ಣುಮುಚ್ಚಿ ನಿದ್ರಿಸುತ್ತಿದ್ದಾನೆ, ಅವನ ನೀಲಿ ಬಲಗೈ ಮಾತ್ರ ಹೊದಿಕೆಯಿಂದ ಎದ್ದು, ಪೈಪಿನ ಮೇಲಿದ್ದ ಪುಟ್ಟ ಗಾಲಿಯನ್ನು ಹುಡುಕಿ ಬಿಗಿಯುತ್ತಿದೆ.

ಜೊತೆಗೆ ಬಂದಿದ್ದ ಹೆಂಡತಿ ಕೊರಳಿನ ಟೇಪು ತೆಗೆದು ಆ ಕೈಯನ್ನು ಮಂಚದ ಸರಳಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದಳು. ಸುತ್ತಿದ ಮೇಲೂ ಟೇಪು ಮೊಳದುದ್ದ ಮಿಕ್ಕಿತ್ತು. ಅದನ್ನು ಕಂಡು ಆಕೆಯ ಮುಖ ಕೊಂಚ ಸಡಿಲವಾಯಿತು.

ಅಷ್ಟರಲ್ಲಿ ಡಾಕ್ಟರು ಬಂದರು. ಚೀಟಿ ಓದಿದರು, ಟೇಪು ನೋಡಿದರು, ಕೆಲಸದ ಅಪ್ಪಣೆಯನ್ನು ಇನ್ನೊಂದು ತಿಂಗಳು ಮುಂದಕ್ಕೆ ಹಾಕಿದರು. ಇನ್ನು ಗುಟುಕಿನ ಉಸ್ತುವಾರಿ ಪೂರ್ತಿ ಹೆಂಡತಿಯದೇ ಎಂದು ಬರೆದುಕೊಟ್ಟರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿ, "ಏನ್ರೀ, ನೀರಿನ ಕೆಲಸದವರು ನೀವು. ದಿನಕ್ಕೆ ಒಂದೂವರೆ ಲೀಟರು ತುಂಬಿಸಿಕೊಳ್ಳೋಕೆ ಆಗ್ಲಿಲ್ವಾ?" ಎಂದರು.

ಮೇಸ್ತ್ರಿ ಒಂದು ಕಣ್ಣು ತೆರೆದ.

"ಇದ್ದ ಟ್ಯಾಂಕು ಬಿಚ್ಚಿಹಾಕಿ ಆ ಜಾಗಕ್ಕೆ ಲೋಟ ಕೂರಿಸಿದ್ದು ನೀವು ಡಾಕ್ಟ್ರೇ. ತುಂಬ್ತಿಲ್ಲ ಅಂತ ಈಗ ನಲ್ಲಿಯವನನ್ನ ಬೈತೀರಲ್ಲ."