ಅಕ್ಕನ ಖಾರಕ್ಕೆ ಅಡ್ಡ ಬಂದ ಜ್ವಾಲಾಮುಖಿ

ನಿವೃತ್ತನಾದ ಗಣಿತದ ಮಾಸ್ತರನಿಂದ ಊರಿಗೆ ಅಂಥ ತೊಂದರೆಯಿಲ್ಲ. ಹೆಚ್ಚೆಂದರೆ ಮೊಮ್ಮಕ್ಕಳಿಗೆ ಮಗ್ಗಿ ಒಪ್ಪಿಸಲು ಹೇಳಿ ಗೋಳು ಹೊಯ್ದುಕೊಳ್ಳುತ್ತಾನೆ. ಕನ್ನಡದ ಮಾಸ್ತರ ಅಂಗಡಿಗಳ ಬೋರ್ಡು ನೋಡಿ ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾನೆ. ನಿಜವಾಗಿ ಹೆದರಬೇಕಾದದ್ದು ಭೂಗೋಳದ ಮಾಸ್ತರನಿಗೆ. ಅವನ ಪಾಠದ ಸಾಮಾನೆಲ್ಲ ತಲೆಯ ಮೇಲೇ ಇರುತ್ತದೆ: ಗಾಳಿ, ಮೋಡ, ಬಿಸಿಲು. ಯಾರು ಕೇಳಲಿ ಬಿಡಲಿ, ಕತ್ತೆತ್ತಿ ನೋಡಿ ಏನಾದರೊಂದು ಹೇಳಿಯೇ ತೀರುತ್ತಾನೆ. ನಾನು ಮುಂಡರಗಿ, ಶಿರಹಟ್ಟಿ ಎಂದು ವರ್ಗವಾಗುತ್ತ ಮೂವತ್ತು ವರ್ಷ ಭೂಗೋಳ ಕಲಿಸಿ, ಈಗ ಬೆಟಗೇರಿಯ ಮನೆಯಲ್ಲಿ ಪೇಪರು ಓದುತ್ತ ಕೂತವನು. ಈ ಬೇಸಿಗೆಯಲ್ಲಿ ನಾನು ಮಾಡಿದ ಘನಕಾರ್ಯವನ್ನು ನಾನೇ ಹೇಳಿಬಿಡುವುದು ಲೇಸು. ನನ್ನ ಹೆಂಡತಿ ಹೇಳಿದರೆ ಇನ್ನೂ ಉದ್ದವಾಗುತ್ತದೆ.

ನನ್ನ ಅಕ್ಕ ಲಕ್ಷ್ಮೇಶ್ವರದಲ್ಲಿ ಮಗ ಸೊಸೆಯರ ಜೊತೆ ಇದ್ದಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಮನೆಗೆ, ನಮ್ಮ ಮನೆಗೆ, ಶಿಗ್ಲಿಯಲ್ಲಿರುವ ಅವಳ ಮಗಳ ಮನೆಗೆ, ಹೀಗೆ ಮೂರು ಮನೆಗೂ ವರ್ಷಕ್ಕಾಗುವಷ್ಟು ಮಸಾಲೆ ಖಾರ ಅವಳ ಕೈಯಲ್ಲೇ ಆಗುತ್ತ ಬಂದಿದೆ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಗುಂಟೂರು. ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಅವನ್ನು ಹರವಿ ಮೂರು ಬಿಸಿಲು ಒಣಗಿಸಬೇಕು. ಆಮೇಲೆ ತೊಟ್ಟು ತೆಗೆದು, ಕೊತ್ತಂಬರಿ ಬೀಜ, ಜೀರಿಗೆ, ಒಣಕೊಬ್ಬರಿ ಹುರಿದು ಸೇರಿಸಿ, ಗಿರಣಿಯಲ್ಲಿ ಕುಟ್ಟಿಸಬೇಕು. ಕುಟ್ಟಿಸಿ ತಂದ ದಿನ ಬಿಸಿ ರೊಟ್ಟಿಗೆ ಹೊಸ ಖಾರ ಸವರಿ, ಮೇಲೆ ಕುಸುಬೆ ಎಣ್ಣೆ ಬಿಟ್ಟು ಮೊದಲ ತುತ್ತು ನನಗೆ ಕೊಡುತ್ತಿದ್ದಳು. ನಾನು ಮುಂಡರಗಿಯಲ್ಲಿ ಒಂಟಿಯಾಗಿ ಕೋಣೆ ಮಾಡಿಕೊಂಡಿದ್ದಾಗ ಬಸ್ಸಿನ ಕಂಡಕ್ಟರ ಕೈಯಲ್ಲಿ ಖಾರದ ಡಬ್ಬಿ ಕಳಿಸುತ್ತಿದ್ದಳು. ಡಬ್ಬಿಯ ಮುಚ್ಚಳ ತೆಗೆದರೆ ಆ ಬಾಡಿಗೆ ಕೋಣೆ ಸ್ವಲ್ಪ ಹೊತ್ತು ನಮ್ಮ ಮನೆಯಾಗುತ್ತಿತ್ತು. ಆಗ ಕಣ್ಣಲ್ಲಿ ನೀರು ಬರುತ್ತಿದ್ದದ್ದು ಘಾಟಿಗೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

ಈ ಸಲ ಫೆಬ್ರುವರಿಯಲ್ಲಿ ಅಕ್ಕನ ಫೋನು ಬಂತು. "ತಮ್ಮಾ, ಮೆಣಸಿನಕಾಯಿ ಬಂದಾವ. ಇದ ನೋಡು ನನ್ನ ಕೈಯಾಗಿನ ಕಡೀ ಖಾರ. ಮೊಣಕಾಲ ಮಾತು ಕೇಳವಲ್ವು, ಮಾಳಗಿ ಹತ್ತಾಕ ಆಗೂದಿಲ್ಲ. ಮುಂದಿನ ವರ್ಷದಿಂದ ಎಲ್ಲಾರೂ ಪಾಕೀಟ ತಗೊಳ್ರಿ."

ಅಂದು ರೊಟ್ಟಿಗೆ ಖಾರವನ್ನು ಚಿಟಿಕೆಯಲ್ಲಿ ಅಳೆದು ಹಾಕಿಕೊಂಡೆ. ಎರಡು ದಿನ ಬಿಟ್ಟು ಪೇಪರಿನ ಮೂಲೆಯಲ್ಲಿ ಒಂದು ಸುದ್ದಿ ಕಂಡಿತು. ಇಂಡೋನೇಷ್ಯಾದ ಕಡೆ ಎಲ್ಲೋ ಜ್ವಾಲಾಮುಖಿ ಸಿಡಿದಿತ್ತು. ನನಗೆ ಹೊಸ ಜೀವ ಬಂದಂತಾಯಿತು. ಜ್ವಾಲಾಮುಖಿ ನನ್ನ ನೆಚ್ಚಿನ ಪಾಠ. ದೊಡ್ಡದೊಂದು ಸಿಡಿದರೆ ಗಂಧಕದ ಹೊಗೆ ಮೋಡಗಳಿಗಿಂತ ಎಷ್ಟೋ ಮೇಲೆ ಹೋಗಿ ಸಣ್ಣ ಹನಿಗಳಾಗಿ ಹರಡುತ್ತದೆ. ಆ ತೆಳುಪರದೆ ಬಿಸಿಲಿನ ಒಂದು ಪಾಲನ್ನು ಬಂದ ದಾರಿಗೇ ತಿರುಗಿಸಿ ಕಳಿಸುತ್ತದೆ. ಭೂಮಿ ತುಸು ತಣ್ಣಗಾಗುತ್ತದೆ. ನೆಲ ಸರಿಯಾಗಿ ಕಾಯದಿದ್ದರೆ ಸಮುದ್ರದಿಂದ ಮಳೆಗಾಳಿಯನ್ನು ಎಳೆದು ತರುವ ಬಲವೂ ಕುಗ್ಗಿ, ಕೆಲವು ಸೀಮೆಗಳಲ್ಲಿ ಮುಂಗಾರು ಸಪ್ಪಗಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂಡುವುದು ಹೇಗೆ? ಅಕ್ಕನಿಗೆ ಫೋನು ಮಾಡಿದೆ.

"ಅಕ್ಕಾ, ಮೆಣಸಿನಕಾಯಿ ಈಗ ಹರವಬ್ಯಾಡ. ಜ್ವಾಲಾಮುಖಿ ಸಿಡದೈತಿ. ಬಿಸಿಲಿನ ಕಸುವು ಕಮ್ಮಿ ಆಗತೈತಿ. ತಡಿ."

"ಎಷ್ಟ ದಿನಾ ತಡೀಲಿ?"

"ಮ್ಯಾಲಿನ ಗಂಧಕ ಇಳೀಬೇಕಲಾ. ಒಂದ ವರ್ಷ ಹಿಡೀಬಹುದು. ಎರಡಾದ್ರೂ ಆದೀತು."

"ಆತು. ಮಾಸ್ತರ ಹೇಳಿದ ಮ್ಯಾಲ ಮುಗೀತು" ಎಂದು ಫೋನು ಇಟ್ಟಳು.

ಮರುದಿನದಿಂದ ಬಿಸಿಲು ಎಂದಿಗಿಂತ ಚುರುಕಾಯಿತು. ಅಂಗಳದ ಕಲ್ಲಿನ ಮೇಲೆ ಕಾಲಿಡುವಂತಿರಲಿಲ್ಲ. ಬಟ್ಟೆ ಒಣಹಾಕಿ ಬಂದ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಅಲ್ರೀ, ನಿಮ್ಮ ತಂಪ ಪರದೆ ನಮ್ಮ ಓಣಿ ಒಂದ ಬಿಟ್ಟು ಎಲ್ಲಾ ಕಡೆ ಬಂದೈತೇನ್ರಿ?" ಎಂದಳು. ನಾನು ಜಾಗತಿಕ ಸರಾಸರಿಯ ಬಗ್ಗೆ ಹೇಳತೊಡಗಿದೆ. ಅವಳು ಒಳಗೆ ಹೋಗಿ ಮಿಕ್ಸರ್ ಹಚ್ಚಿದಳು. ಹತ್ತನೆಯ ದಿನ ಮಧ್ಯಾಹ್ನ ಪಡುವಣದಲ್ಲಿ ಅಕಾಲದ ಮೋಡ ಏಳುವುದನ್ನು ಕಂಡಾಗ ಮಾತ್ರ ಪೇಪರು ಕೆಳಗಿಟ್ಟು ಎದ್ದು ನಿಂತೆ. ಒಣಗದ ಮೆಣಸಿನಕಾಯಿ ಚೀಲದಲ್ಲಿ ಬೆವತು ಬೂಸು ಹಿಡಿದರೆ? ಅಕ್ಕನ ಕೊನೆಯ ಖಾರ ನನ್ನ ಪಾಂಡಿತ್ಯದಿಂದ ಹಾಳಾದರೆ? ಸಿಕ್ಕ ಬಸ್ಸು ಹತ್ತಿದೆ. ಲಕ್ಷ್ಮೇಶ್ವರ ಬರುವವರೆಗೂ ಕಿಟಕಿಯಿಂದ ಆ ಮೋಡವನ್ನೇ ನೋಡುತ್ತ ಕೂತೆ.

ಅಕ್ಕ ಪಡಸಾಲೆಯಲ್ಲಿ ಆರಾಮಾಗಿ ಬಳ್ಳೊಳ್ಳಿ ಸುಲಿಯುತ್ತಿದ್ದಳು. "ಮೆಣಸಿನಕಾಯಿ?" ಎಂದೆ ಏದುಸಿರು ಬಿಡುತ್ತ.

"ಎರಡ ಬಿಸಿಲ ಆಗ್ಯಾವ. ಸೊಸಿ ಹರವ್ಯಾಳ. ಇನ್ನೊಂದ ಬಿಸಿಲ ನಿನಗಂತ ಇಟ್ಟೇನಿ."

"ನಾ ಬ್ಯಾಡ ಅಂದಿದ್ನೆಲಾ!"

"ಲೇ ಹುಚ್ಚಾ, ಹೊಸಾ ನೌಕರಿ ಸೇರಿದಾಗ ಆ ಪಾಠ ನನ್ನ ಮುಂದ ಎಷ್ಟ ಸಲ ಒದರಿ ಒದರಿ ರೂಢಿ ಮಾಡಿದ್ದಿ? ಮ್ಯಾಲ ಹೋದ ಹೊಗಿ ವರ್ಷಗಟ್ಟಲೆ ನಿಲ್ಲತೈತಿ, ಕೆಳಗಿನ ಬೂದಿ ನಾಕ ದಿನಕ್ಕ ಉದರಿ ಹೋಗತೈತಿ ಅಂತ ನೀನ ಹೇಳತಿದ್ದಿ. ಇದು ಸಣ್ಣದು, ಬಾಳ ಮ್ಯಾಲ ಹೋಗಿಲ್ಲ ಅಂತ ಟಿವಿಯಾಗ ಹೇಳಿದ್ರು."

ಖರೆ. ಆಗ ಫಿಲಿಪೈನ್ಸ್ ದೇಶದಲ್ಲಿ ಭಾರಿ ಜ್ವಾಲಾಮುಖಿ ಸಿಡಿದು, ಮರುವರ್ಷ ಜಗತ್ತೇ ಅರ್ಧ ಡಿಗ್ರಿಯಷ್ಟು ತಣ್ಣಗಾಗಿತ್ತು. ಇದೇ ಮಾಳಿಗೆಯ ಮೇಲೆ ಅಕ್ಕ ತೊಟ್ಟು ತೆಗೆಯುತ್ತಿದ್ದಳು, ನಾನು ಮೆಣಸಿನಕಾಯಿ ರಾಶಿಯನ್ನೇ ಪರ್ವತ ಮಾಡಿಕೊಂಡು ಪಾಠ ಹೇಳುತ್ತಿದ್ದೆ. ನನ್ನ ಮೊದಲ ವಿದ್ಯಾರ್ಥಿ ಅವಳೇ. ಹೊಗೆ ಎಷ್ಟು ಎತ್ತರಕ್ಕೆ ಹೋಯಿತೆಂದು ಬರೆಯದ ಮಕ್ಕಳಿಗೆಲ್ಲ ಸೊನ್ನೆ ಕೊಟ್ಟ ನಾನು, ಅದನ್ನೇ ನೋಡದೆ ಅಕ್ಕನಿಗೆ ಫೋನು ಮಾಡಿದ್ದೆ.

"ನಿನಗ ಗೊತ್ತಿಲ್ಲಂತಲ್ಲ" ಎಂದಳು ಅಕ್ಕ, ದನಿ ಇಳಿಸಿ. "ಈ ಖಾರ ಆಗದ ಇದ್ರ ಇದು ಕಡೀದು ಆಗೂದಿಲ್ಲ ಅಂತ ನಿನ್ನ ಲೆಕ್ಕ. ಹೌದಿಲ್ಲೋ?"

ಅಲ್ಲಿಯವರೆಗೆ ಆ ವಿಷಯ ನನಗೂ ಗೊತ್ತಿರಲಿಲ್ಲ. ಅಕ್ಕ ನನ್ನ ಮುಖ ನೋಡಿ, "ಅಳಬ್ಯಾಡ, ಹೆಂಗಸರ ಮುಂದ ಚಂದ ಕಾಣೂದಿಲ್ಲ. ನಾಳೆ ಮಾಳಗಿ ಹತ್ತು. ನಾ ಕೆಳಗ ಕುಂತ ಹೇಳತೀನಿ, ನೀ ಮಾಡು. ಕಲಿ" ಎಂದಳು.

ಅದೃಷ್ಟಕ್ಕೆ ಮೋಡ ಹಾಗೇ ಚದುರಿತು. ಮರುದಿನವೆಲ್ಲ ಮಾಳಿಗೆಯ ಮೇಲೆ ಕೂತು ಕಾಯಿ ತಿರುವಿ ಹಾಕುತ್ತ, ಒಣಗಿದವುಗಳ ತೊಟ್ಟು ತೆಗೆದೆ. ಸೀನಿದೆ, ಮರೆತು ಅದೇ ಕೈಯಿಂದ ಕಣ್ಣು ಉಜ್ಜಿಕೊಂಡೆ, ಕುಣಿದೆ. ಓಣಿಯವರು ಹೊರಗೆ ಬಂದು ನೋಡಿದರು. ಸಂಜೆ ಒಂದು ಕಾಯಿ ತಂದು ಅಕ್ಕನ ಕೈಗಿಟ್ಟು, "ಒಣಗೇತಿ" ಎಂದೆ. ಅವಳು ಮುರಿದು ನೋಡಿದಳು. ಅದು ಮುರಿಯದೆ ಬಾಗಿತು.

"ನಪಾಸ" ಎಂದಳು. "ಇನ್ನೊಂದ ಬಿಸಿಲ ಬೇಕು. ನಿನ್ನ ಕೈಯಾಗ ಕೊಟ್ರ ಮೂರು ಮನಿ ಖಾರಾನೂ ಹಾಳ ಮಾಡತಿ. ಮುಂದಿನ ವರ್ಷ ಮತ್ತ ಬಾ, ಕುಂದರಿಸಿ ಹೇಳಿಕೊಡತೀನಿ."

ಮುಂದಿನ ವರ್ಷ! ನಾನು ಖುಷಿ ತೋರಿಸದೆ ತಲೆ ತಗ್ಗಿಸಿ ನಿಂತೆ. ರಾಶಿಯಲ್ಲಿ ಗಲಗಲ ಎನ್ನುವ ಕಾಯಿಗಳು ಬೇಕಾದಷ್ಟಿದ್ದವು. ಮೆತ್ತಗಿದ್ದ ಒಂದನ್ನೇ ಹುಡುಕಿ ತೆಗೆಯಲು ನನಗೆ ಅರ್ಧ ತಾಸು ಹಿಡಿದಿತ್ತು. ಒಂದೇ ತರಗತಿಯಲ್ಲಿ ನಾಲ್ಕು ನಾಲ್ಕು ವರ್ಷ ಕೂತ ಹುಡುಗರಿಗೆ ನಾನು ಅಷ್ಟೆಲ್ಲ ಬೈಯಬಾರದಿತ್ತು.