ಬೇರು ಬಂತೇನು?

ನನಗೆ ಸುಮ್ಮನಿರುವ ವಿದ್ಯೆ ಬರುವುದಿಲ್ಲ. ದೋಸೆ ಹೆಂಚಿನ ಮೇಲೆ ಬಿದ್ದ ಕೂಡಲೇ ಅಂಚು ಎಬ್ಬಿಸಿ ನೋಡುತ್ತೇನೆ. ಕಾಲಿನ ಗಾಯ ಮಾಯಿತೇ ಎಂದು ಪಟ್ಟಿಯನ್ನು ದಿನಕ್ಕೆ ನಾಲ್ಕು ಸಲ ಬಿಚ್ಚಿ, ವಾರದಲ್ಲಿ ಮಾಯಬೇಕಾದದ್ದನ್ನು ತಿಂಗಳು ಎಳೆದವನು ನಾನು. ಆದೋನಿಯ ಹತ್ತಿ ಮಂಡಿಯಲ್ಲಿ ಗುಮಾಸ್ತ. ಅಲ್ಲಿ ಲಾರಿ ಬರುವ ಮೊದಲೇ ನಾಲ್ಕು ಬಾರಿ ಗೇಟಿಗೆ ಹೋಗಿ ಬರುತ್ತೇನೆ. ಇಂಥವನ ಕೈಗೆ ನಮ್ಮ ಅತ್ತಿಗೆ ಸೇವಂತಿಗೆಯ ಕಡ್ಡಿಗಳನ್ನು ಕೊಟ್ಟರು.

ಪೆದ್ದಕಡುಬೂರಿನ ಅಣ್ಣನ ಮನೆಯ ಹಿತ್ತಲಲ್ಲಿ ನಮ್ಮವ್ವ ಹಚ್ಚಿದ ಹಳದಿ ಸೇವಂತಿಗೆ ಇತ್ತು. ಅಂಗಿಯ ಗುಂಡಿಯಷ್ಟೇ ಹೂವು, ಆದರೆ ಎಲೆ ಮುರಿದರೆ ಇಡೀ ಹಿತ್ತಲು ಘಮ್ಮೆನ್ನುವುದು. ಅವ್ವ ಹೋಗಿ ಆರು ವರ್ಷವಾಯಿತು. ಈಗ ಹೊಸ ಅಡುಗೆಮನೆಗಾಗಿ ಅದೇ ಜಾಗ ಅಗೆಯಬೇಕಿತ್ತು. ಅತ್ತಿಗೆ ಒಂದು ಹಿಡಿ ಕುಡಿ ಚಿವುಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು, “ಇವು ಬೇರು ಬಿಟ್ರ ನನಗ ಎರಡು ಕೊಡಪಾ ವೀರೇಶ. ಅತ್ತಿ ನೆನಪಿಗೆ ಇದೊಂದ ಐತಿ” ಎಂದರು.

ಹೆಂಡತಿ ಗಿರಿಜಾ ಕೆಳಗಿನ ಎಲೆ ಕಿತ್ತು, ಮರಳು ಬೆರೆಸಿದ ಮಣ್ಣಿನ ಕುಂಡದಲ್ಲಿ ಎಂಟು ಕಡ್ಡಿ ಊರಿ, ಬಚ್ಚಲ ಗೋಡೆಯ ನೆರಳಿಗಿಟ್ಟಳು. “ಮೂರು ವಾರ ಮುಟ್ಟಬ್ಯಾಡ್ರಿ” ಎಂದಳು. ನಾನು ಮೂರು ದಿನ ಮುಟ್ಟಲಿಲ್ಲ. ನಾಲ್ಕನೆಯ ದಿನ ಒಂದನ್ನು ಎಳೆದು ನೋಡಿದೆ. ಬೇರಿಲ್ಲ. ಮತ್ತೆ ಊರಿ, ಮಗುವನ್ನು ತಟ್ಟುವಂತೆ ಮಣ್ಣು ತಟ್ಟಿದೆ.

“ಕಿತ್ತು ನೋಡಿದ್ರೇನು?”

“ಇಲ್ಲ, ನೀರು ಹಾಕಿದೆ.”

“ಉಗುರಾಗ ಮಣ್ಣು ಐತಿ.”

ಮಂಡಿಯಲ್ಲಿ ಕೂತರೂ ಮನಸ್ಸು ಬಚ್ಚಲ ಗೋಡೆಯ ಹತ್ತಿರವೇ. ಊಟದ ಹೊತ್ತಿಗೆ ಬಂದು ಒಂದು, ಸಂಜೆ ಬಂದು ಒಂದು ಕಿತ್ತು ನೋಡುತ್ತಿದ್ದೆ. ಹತ್ತನೆಯ ದಿನ ಒಂದು ಕಡ್ಡಿಯ ಬುಡದಲ್ಲಿ ಬಿಳಿ ದಾರದಂಥ ಬೇರು ಕಂಡಿತು! ಗಿರಿಜಾಳಿಗೆ ತೋರಿಸಲು ಓಡಿದೆ. ಅಡುಗೆಮನೆ ತಲುಪುವಷ್ಟರಲ್ಲಿ ದಾರ ಕಳಚಿ ಎಲ್ಲೋ ಬಿದ್ದಿತ್ತು. ಎರಡು ವಾರಕ್ಕೆ ಎಂಟೂ ಒಣಗಿ ಊದಿನಕಡ್ಡಿಗಳಾದವು.

ಆ ದಿನವೇ ಅತ್ತಿಗೆಯ ಫೋನು. “ಬೇರು ಬಂತೇನಪಾ?”

“ಎಲ್ಲಾ ಬಂದಾವ, ಅತ್ತಿಗಿ!” ನಾಲಿಗೆಗೂ ನನ್ನದೇ ಅವಸರ.

“ಹಂಗಾರ ಮುಂದಿನ ಆದಿವಾರ ಬರ್ತೀನಿ. ನಮ್ಮ ಗಿಡ ನಿನ್ನೆ ಹೋತು. ನಿನ್ನ ಹತ್ರ ಇರೋವೇ ಉಳಿದಾವು.”

ಮುಂದಿನ ವಾರವೆಲ್ಲ ಊರಿನ ಹೂವಿನ ಸಸಿ ಮಾರುವವರನ್ನೆಲ್ಲ ಸುತ್ತಿದೆ. ಎಲ್ಲೆಡೆ ಎಲೆ ಮುರಿದು ಮೂಸಿದೆ, ಬೈಸಿಕೊಂಡೆ. ಅವ್ವನ ವಾಸನೆ ಸಿಗಲಿಲ್ಲ. ಶನಿವಾರ ಸಂಜೆ ಗಿರಿಜಾಳ ಮುಂದೆ ಕೂತು ಎಲ್ಲವನ್ನೂ ಒಪ್ಪಿಕೊಂಡೆ.

ಅವಳು ಬೈಯಲಿಲ್ಲ. ಹಿತ್ತಲ ಗೋಡೆಯ ಬಳಿ ಹೋಗಿ ಪಕ್ಕದ ಮನೆಯವಳನ್ನು ಕರೆದಳು. “ಮಾಬುಬಿ, ಅವನ್ನ ಕೊಡಮ್ಮ.” ಗೋಡೆಯ ಮೇಲೆ ಒಂದು ಎಣ್ಣೆ ಡಬ್ಬಿ ಬಂತು. ಅದರಲ್ಲಿ ನಾಲ್ಕು ಸಸಿ, ಹೊಸ ಚಿಗುರಿನೊಂದಿಗೆ ನೆಟ್ಟಗೆ ನಿಂತಿದ್ದವು.

“ಕಡ್ಡಿ ತಂದ ದಿನ ನೀವು ಕೈಕಾಲು ತೊಳಿಯಾಕ ಹೋದಾಗ ನಾಕು ಕಡ್ಡಿ ಆಕಿಗೆ ಕೊಟ್ಟಿದ್ದೆ” ಎಂದಳು ಗಿರಿಜಾ. “ನಿಮ್ಮನ್ನ ಮದ್ವಿ ಆಗಿ ಇಪ್ಪತ್ತು ವರ್ಷ ಆತಲ್ರೀ.”

ಮರುದಿನ ಅತ್ತಿಗೆ ಬಂದರು. ಒಂದು ಎಲೆ ಮುರಿದು ಮೂಸಿದರು. ಕಣ್ಣು ತುಂಬಿ ಬಂತು. “ನಿನ್ನ ಕೈಗುಣ ಚಲೋ ಐತಿ, ವೀರೇಶ. ಹೆಂಗ ಮಾಡಿದಿ?”

ಸತ್ಯ ಹೇಳಲು ಅದೇ ಸಮಯ. ಬಾಯಿ ತೆರೆದೆ.

“ಏನಿಲ್ಲ ಅತ್ತಿಗಿ, ತಾಳ್ಮಿ ಬೇಕು ಅಷ್ಟ. ಹಚ್ಚಿದ ಮ್ಯಾಲ ಮುಟ್ಟಬಾರದು. ಭಾಳ ಮಂದಿಗೆ ಅದು ಆಗಂಗಿಲ್ಲ. ಕಿತ್ತು ಕಿತ್ತು ನೋಡ್ತಾರ…”

ಚಹಾ ಸೋಸುತ್ತಿದ್ದ ಗಿರಿಜಾಳ ಕೈ ನಿಂತಿತು. ಗೋಡೆಯಾಚೆ ಬಟ್ಟೆ ಹರವುತ್ತಿದ್ದ ಮಾಬುಬಿಯ ದನಿ ಕೇಳಿಸಿತು. “ಸಾರ್, ಜರಾ ಇನ್ನೊಂದ್ಸಲ ಹೇಳ್ರಿ. ನಾನೂ ಕಲ್ಕೋತೀನಿ.”

“ಪಾಪ, ಕೇಳಾಕತ್ತಾಳ, ಹೇಳೋ” ಎಂದರು ಅತ್ತಿಗೆ.

ಹೇಳಿದೆ. ಮೊದಲಿನಿಂದ, ಗೋಡೆಯಾಚೆಗೂ ಕೇಳಿಸುವಷ್ಟು ಗಟ್ಟಿಯಾಗಿ.