ಪಾಪುವಿನ ಕೆಂಪು ಶೂ

ನನ್ನ ಅಂಕಣವನ್ನು ಊರೆಲ್ಲ ಓದುತ್ತದೆ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು. (ಊರೆಲ್ಲ ಎಂದರೆ ನಮ್ಮ ವಾರಪತ್ರಿಕೆಯ ಸಂಪಾದಕರು, ಪ್ರೂಫ್ ನೋಡುವವರು ಮತ್ತು ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿರುವ ನಿವೃತ್ತ ಗ್ರಂಥಪಾಲಕರು.) ಏಳು ವರ್ಷಗಳಿಂದ ನಾನು 'ಮನೆಮಂದಿಗೆ ಕಿವಿಮಾತು' ಬರೆಯುತ್ತಿದ್ದೇನೆ. ಮಿಕ್ಸಿಯ ಬ್ಲೇಡು ತೊಳೆಯುವುದು ಹೇಗೆ, ಫೋನಿನ ಬ್ಯಾಟರಿಯ ಆಯಸ್ಸು ಹೆಚ್ಚಿಸುವುದು ಹೇಗೆ, ಹಟ ಮಾಡುವ ಮಗುವಿಗೆ ಊಟ ಮಾಡಿಸುವುದು ಹೇಗೆ ಎಂದು ಮುಖಪರಿಚಯವಿಲ್ಲದ ಸಂಸಾರಗಳಿಗೆಲ್ಲ ಬುದ್ಧಿ ಹೇಳಿದ್ದೇನೆ. ನನ್ನ ಸ್ವಂತ ಸಂಸಾರ ಮಾತ್ರ ಆ ಪುಟವನ್ನು ಬೀರುವಿನ ಅರೆಗಳಿಗೆ ಹಾಸಲು ಬಳಸುತ್ತದೆ.

ಆ ಶುಕ್ರವಾರ ಊಟದ ಮೇಜಿನ ಮುಂದೆ ಕುಳಿತು 'ಚಿಕ್ಕ ಮಕ್ಕಳೊಂದಿಗೆ ವಿಹಾರ: ಆಧುನಿಕ ಉಪಕರಣಗಳ ಸಮರ್ಥ ಬಳಕೆ' ಎಂಬ ಲೇಖನ ಬರೆಯುತ್ತಿದ್ದೆ. ಬಚ್ಚಲಲ್ಲಿ ನನ್ನ ಹೆಂಡತಿ ಎರಡು ಮಕ್ಕಳನ್ನೂ ಒಟ್ಟಿಗೆ ತೊಳೆಯುತ್ತಿದ್ದಳು. ಕೆಲಸ ಮುಗಿಸಿ ಒದ್ದೆ ಟವೆಲ್ ಹಿಂಡುತ್ತಾ ಬಂದವಳು ನನ್ನ ಭುಜದ ಮೇಲಿಂದ ಇಣುಕಿ ನಾಲ್ಕು ಸಾಲು ಓದಿದಳು.

"ಮಕ್ಕಳನ್ನ ಒಬ್ಬರೇ ಎಲ್ಲಿಗಾದ್ರೂ ಕರ್ಕೊಂಡು ಹೋಗಿದ್ದೀರಾ ನೀವು?"

"ಬರೆಯೋಕೆ ಹೋಗಲೇಬೇಕು ಅಂತ ಎಲ್ಲಿದೆ? ಚಂದ್ರನ ಬಗ್ಗೆ ಬರೆಯೋರೆಲ್ಲ ಅಲ್ಲಿಗೆ ಹೋಗಿ ಬಂದಿದ್ದಾರಾ?"

"ಚಂದ್ರ ಕೈ ಬಿಡಿಸ್ಕೊಂಡು ಓಡಲ್ಲ ರೀ," ಎಂದು ಅವಳು ಟವೆಲ್ ಒಣಹಾಕಲು ಹೋದಳು.

ಮಾತು ಸಣ್ಣದೇ. ಆದರೆ ಅದು ನಾಟುವ ಜಾಗದಲ್ಲೇ ನಾಟಿತು. ಅವಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಸೂಜಿ ಎಲ್ಲಿ ಚುಚ್ಚಬೇಕೆಂದು ಚೆನ್ನಾಗಿ ಗೊತ್ತು. ಆ ಭಾನುವಾರ ಅವಳಿಗೆ ಡ್ಯೂಟಿ ಇತ್ತು. ಅಂಥ ದಿನಗಳಲ್ಲಿ ನನ್ನ ನಾದಿನಿ ಬಂದು ಮಕ್ಕಳನ್ನು ನೋಡಿಕೊಳ್ಳುವುದು ಪದ್ಧತಿ. (ಮಕ್ಕಳೆಂದರೆ ಮೂವರು, ಮೂರನೆಯವನು ನಾನು ಎಂದು ನಾದಿನಿ ಹೇಳಿಕೊಂಡು ತಿರುಗುತ್ತಾಳೆ.) ನಾನು ಎದ್ದು ನಿಂತು, ನಾದಿನಿ ಬರುವುದು ಬೇಡ, ಭಾನುವಾರ ಮಕ್ಕಳನ್ನು ಪಕ್ಷಿ ಉದ್ಯಾನಕ್ಕೆ ನಾನೊಬ್ಬನೇ ಕರೆದೊಯ್ಯುತ್ತೇನೆ ಎಂದು ಘೋಷಿಸಿದೆ. ಹೆಂಡತಿ, "ಸರಿ," ಎಂದಳು. ವಾದ ಮಾಡಿದ್ದರೆ ನಾನು ಸೋತು ಮನೆಯಲ್ಲೇ ಉಳಿದುಬಿಡುತ್ತಿದ್ದೆ. ಅವಳು ಒಪ್ಪಿಬಿಟ್ಟಿದ್ದರಿಂದ ಹೋಗಲೇಬೇಕಾಯಿತು.

ಶನಿವಾರ ಸಂಜೆ ಹಾಸಿಗೆಯ ಮೇಲೆ ನನ್ನ ಶಸ್ತ್ರಾಸ್ತ್ರಗಳನ್ನು ಹರಡಿದೆ. ಇಟ್ಟಿಗೆಯಷ್ಟು ಭಾರದ ಪವರ್ ಬ್ಯಾಂಕ್. ಮಗಳಿಗೆ ಒಂದು ಗಡಿಯಾರ, ಅದನ್ನು ಕಟ್ಟಿಕೊಂಡರೆ ಅವಳಿರುವ ಜಾಗ ನನ್ನ ಫೋನಿನಲ್ಲಿ ಹಸಿರು ಚುಕ್ಕೆಯಾಗಿ ಕಾಣುತ್ತದೆ. ಮಗನಿಗೆ ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದಾದ ಒಂದು ಬಿಲ್ಲೆ. ಅದನ್ನು ಅವನ ಕೆಂಪು ಶೂವಿನ ಒಳ ಅಟ್ಟೆಯ ಕೆಳಗೆ ತುರುಕಿದೆ.

"ಇನ್ನು ಪಾಪು ಎಲ್ಲಿ ಹೋದ್ರೂ ನೀಲಿ ಚುಕ್ಕೆ," ಎಂದೆ.

"ನಾನು ಚುಕ್ಕೆ ಅಲ್ಲ," ಎಂದ ಪಾಪು. ಅವನಿಗೆ ಮೂರು ವರ್ಷ. ತಾನು ಏನಲ್ಲ ಎಂಬುದನ್ನು ಹೇಳುವ ವಯಸ್ಸು.

"ಗಡಿಯಾರ ಚುಚ್ಚುತ್ತೆ," ಎಂದಳು ಮಗಳು. ಅವಳಿಗೆ ಆರು. ಎಲ್ಲದಕ್ಕೂ ಆಕ್ಷೇಪಣೆ ಸಲ್ಲಿಸುವುದರಿಂದ ಮನೆಯಲ್ಲಿ ಅವಳಿಗೆ ಲಾಯರಮ್ಮ ಎಂದು ಹೆಸರು.

ಭಾನುವಾರ ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ನಾನು ಎದೆ ಸೆಟೆಸಿ, "ಇವತ್ತು ಮಕ್ಕಳ ಚಾರ್ಜ್ ಪೂರ್ತಿ ನನ್ನದು. ನೀನು ಆರಾಮಾಗಿ ಹೋಗಿ ಬಾ," ಎಂದೆ.

"ಫೋನಿನ ಚಾರ್ಜ್ ಎಷ್ಟಿದೆ?"

"ತೊಂಬತ್ತೆಂಟು."

"ಪಾಪು ಟಾಯ್ಲೆಟ್‌ಗೆ ಹೋದ್ನಾ?"

ಅದನ್ನು ತೋರಿಸುವ ಆ್ಯಪ್ ನನ್ನ ಬಳಿ ಇರಲಿಲ್ಲ.

ಪ್ರಯಾಣದಲ್ಲಿ ಮಕ್ಕಳ ಕೈಗೆ ಫೋನ್ ಕೊಡಬೇಡಿ, ಕಿಟಕಿಯಾಚೆಯ ಜಗತ್ತನ್ನು ತೋರಿಸಿ ಮಾತನಾಡಿಸಿ ಎಂದು ಲೇಖನದಲ್ಲಿ ಬರೆದಿದ್ದೆ. ಬಸ್ಸಿನಲ್ಲಿ ಮೂರು ನಿಲ್ದಾಣಗಳವರೆಗೆ ಹಾಗೆಯೇ ಮಾಡಿದೆ. ಮೂರನೇ ನಿಲ್ದಾಣದಲ್ಲಿ ಪಾಪುವಿಗೆ ಒಂದು ಸಿಮೆಂಟ್ ಕಲಸುವ ಲಾರಿ ಕಾಣಿಸಿತು. ಬಸ್ಸು ಹೊರಟಿತು, ಲಾರಿ ಹಿಂದೆ ಉಳಿಯಿತು. ಆ ಅಗಲಿಕೆಯನ್ನು ತಡೆಯಲಾರದೆ ಅವನು ಎತ್ತಿದ ರಾಗಕ್ಕೆ ಡ್ರೈವರೂ ತಿರುಗಿ ನೋಡಿದ. ಮುಂದಿನ ಮುಕ್ಕಾಲು ಗಂಟೆ ಪಾಪು ನನ್ನ ಫೋನಿನಲ್ಲಿ ಸಿಮೆಂಟ್ ಲಾರಿಗಳನ್ನು ನೋಡಿದ. ಪ್ರಪಂಚದಲ್ಲಿ ಅಷ್ಟೊಂದು ಸಿಮೆಂಟ್ ಲಾರಿಗಳಿವೆ ಎಂದು ನನಗೆ ಗೊತ್ತೇ ಇರಲಿಲ್ಲ. ಇಳಿಯುವ ಹೊತ್ತಿಗೆ ಬ್ಯಾಟರಿ ಮೂವತ್ತೊಂದಕ್ಕೆ ಇಳಿದಿತ್ತು.

ಉದ್ಯಾನದ ಒಳಗೆ ಕೆರೆ, ಕೆರೆಯ ಪಕ್ಕ ಜಾರುಬಂಡೆ, ಅದರ ಕೆಳಗೆ ದೊಡ್ಡ ಮರಳಿನ ಅಂಕಣ. ಶೂ ಬಿಚ್ಚಿ ಆಡಬೇಕೆಂದು ಅಲ್ಲಿ ಫಲಕ ಹಾಕಿದ್ದರು. ಮಕ್ಕಳು ಬಿಚ್ಚಿಟ್ಟು ಮರಳಿಗೆ ಇಳಿದರು. ಲಾಯರಮ್ಮ ಹೋಗುವ ಮುನ್ನ ನನ್ನ ಚೀಲದಲ್ಲಿ ಕೈಯಾಡಿಸಿ ಏನೋ ಹಾಕಿದಳು. ನಾನು ಗಮನಿಸಲಿಲ್ಲ. ಕೆರೆಯಲ್ಲಿ ಒಂದು ಬಿಳಿಯ ಕೊಕ್ಕರೆ ಒಂಟಿಕಾಲಿನಲ್ಲಿ ನಿಂತಿತ್ತು. ಲೇಖನದ ಜೊತೆ ಹಾಕಲು ಚೆನ್ನಾಗಿರುತ್ತದೆ ಎಂದು ಅದರ ಫೋಟೋ ತೆಗೆಯತೊಡಗಿದೆ. ಅರ್ಧ ನಿಮಿಷ ಎಂದು ಹೆಂಡತಿಗೆ ಹೇಳಿದ್ದೇನೆ. ನಿಮಗೆ ನಿಜ ಹೇಳುತ್ತೇನೆ, ಆರೇಳು ನಿಮಿಷ ಆಗಿರಬಹುದು.

ಆಗ ಫೋನು ನಡುಗಿತು. 'ಪಾಪು ನಿಮ್ಮಿಂದ ದೂರ ಹೋಗುತ್ತಿದ್ದಾನೆ.'

ತಿರುಗಿ ನೋಡಿದೆ. ಮರಳಿನಲ್ಲಿ ಇಪ್ಪತ್ತು ಮೂವತ್ತು ಮಕ್ಕಳು, ಎಲ್ಲರೂ ಮರಳಿನದೇ ಬಣ್ಣ. ನನ್ನವರು ಕಾಣಲಿಲ್ಲ. ಫೋನು ನೋಡಿದೆ. ನೀಲಿ ಚುಕ್ಕೆ ಗೇಟಿನ ಕಡೆ ಸರಸರನೆ ಹೋಗುತ್ತಿತ್ತು. ಮೂರು ವರ್ಷದ ಮಗು ಅಷ್ಟು ವೇಗವಾಗಿ ನಡೆಯುವುದಿಲ್ಲ. ಯಾರೋ ಎತ್ತಿಕೊಂಡು ಹೋಗುತ್ತಿದ್ದಾರೆ.

ಓಡಿದೆ. ನಾನು ಕೊನೆಯ ಸಲ ಓಡಿದ್ದು ಯಾವಾಗ ಎಂದು ನನಗೆ ನೆನಪಿಲ್ಲ. ಬೆನ್ನಿನ ಮೇಲೆ ಪವರ್ ಬ್ಯಾಂಕ್ ಒಂದೊಂದು ಹೆಜ್ಜೆಗೂ ಗುದ್ದುತ್ತಿತ್ತು. ಕಣ್ಣು ಫೋನಿನ ಮೇಲೆ, ಕಾಲು ಎಲ್ಲೆಲ್ಲೋ. ಎರಡು ಹೂಪಾತಿ ತುಳಿದೆ. ಒಂದು ಬೆಂಚಿಗೆ ಕ್ಷಮಿಸಿ ಎಂದೆ. ಗೇಟಿನ ಹತ್ತಿರ ಚುಕ್ಕೆಯನ್ನು ಹಿಡಿದೆ. ಬಾಗಿಲಿನಷ್ಟು ಅಗಲದ ಒಬ್ಬ ಮನುಷ್ಯ, ಅವನ ಹೆಗಲ ಮೇಲೆ ನಿದ್ದೆ ಹೋದ ಒಂದು ಮಗು, ಮಗುವಿನ ಕಾಲಲ್ಲಿ ಕೆಂಪು ಶೂ. ಹಿಂದೆ ಮುಂದೆ ನೋಡದೆ ಆ ಕಾಲನ್ನು ಹಿಡಿದುಕೊಂಡೆ.

"ಏಯ್, ಯಾರ್ರೀ ನೀವು? ಕಾಲು ಬಿಡ್ರೀ," ಎಂದ ಆ ಮನುಷ್ಯ.

"ಈ ಶೂ ನನ್ನ ಮಗ," ಎಂದೆ.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಮಗು ಕಣ್ಣು ಬಿಟ್ಟು ನನ್ನನ್ನು ನೋಡಿತು. ನನ್ನ ಮಗುವಲ್ಲ. ಜೊತೆಯಲ್ಲಿದ್ದ ಹೆಂಗಸು ಬಗ್ಗಿ ಶೂ ನೋಡಿ, "ಅಯ್ಯೋ, ಇದು ನಮ್ಮದಲ್ಲ ಕಣ್ರೀ. ನಮ್ಮದು ಮುಂದೆ ಸವೆದಿತ್ತು. ಮರಳಲ್ಲಿ ಅದಲು ಬದಲಾಗಿದೆ," ಎಂದಳು. ಪಾಪ, ಕೂಡಲೇ ಬಿಚ್ಚಿಕೊಟ್ಟಳು.

ಎರಡು ಪುಟ್ಟ ಶೂಗಳು ನನ್ನ ಅಂಗೈಯಲ್ಲಿ ಕುಳಿತವು. ಒಳಗೆ ಇನ್ನೂ ಬೆಚ್ಚಗಿತ್ತು, ಸ್ವಲ್ಪ ಮರಳೂ ಇತ್ತು. ಆ ಕ್ಷಣದವರೆಗೆ ನನಗೆ ಗಾಬರಿ ಮಾತ್ರ ಇತ್ತು. ಆಗ ಭಯ ಬಂತು. ಮಗಳ ಹಸಿರು ಚುಕ್ಕೆ ಹುಡುಕಿದೆ. 'ನಿಮ್ಮಿಂದ ಸೊನ್ನೆ ಮೀಟರ್' ಎಂದಿತು ಫೋನು. ಚೀಲಕ್ಕೆ ಕೈ ಹಾಕಿದರೆ ಗಡಿಯಾರ ಸಿಕ್ಕಿತು. ಚುಚ್ಚುತ್ತದೆ ಎಂದು ಲಾಯರಮ್ಮ ಬಿಚ್ಚಿ ಹಾಕಿದ್ದು ಅದನ್ನೇ. ಹೆಂಡತಿಗೆ ಹೇಳೋಣವೆಂದು ಅವಳ ಹೆಸರು ಒತ್ತುವಷ್ಟರಲ್ಲಿ ಫೋನು ಕಣ್ಣು ಮುಚ್ಚಿತು. ಪವರ್ ಬ್ಯಾಂಕ್ ಇತ್ತು, ತುಂಬಿ ತುಳುಕುವಷ್ಟು ಚಾರ್ಜೂ ಇತ್ತು. ವೈರು ಮಾತ್ರ ಹಾಸಿಗೆಯ ಮೇಲೆ ಉಳಿದಿತ್ತು. ಬೇರೆಯವರ ಫೋನಿನಿಂದ ಮಾಡೋಣವೆಂದರೆ ಒಂಬತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ನಂಬರು ನನಗೆ ಬಾಯಿಗೆ ಬರುವುದಿಲ್ಲ.

ಮರಳಿನ ಅಂಕಣಕ್ಕೆ ವಾಪಸು ಓಡಿದೆ. ಓಡಿದೆ ಎಂದುಕೊಂಡೆ. ಬರುವಾಗ ದಾರಿ ನೋಡಿರಲಿಲ್ಲವಲ್ಲ, ಫೋನು ನೋಡುತ್ತಿದ್ದೆ. ಅಲ್ಲಿನ ದಾರಿಗಳೆಲ್ಲ ಸುತ್ತಿ ಸುತ್ತಿ ನವಿಲಿನ ಪಂಜರಕ್ಕೇ ಬರುತ್ತಿದ್ದವು. ಮೂರನೇ ಸಲ ಬಂದಾಗ ನವಿಲು ನನಗೆ ಬೆನ್ನು ತಿರುಗಿಸಿತು. ಮಕ್ಕಳ ಅಡ್ಡಹೆಸರುಗಳನ್ನು ಕೂಗುತ್ತಾ, ಎದೆಗೆ ಆ ಶೂಗಳನ್ನು ಅವುಚಿಕೊಂಡು ಸುತ್ತುತ್ತಿದ್ದೆ. ಆಗ ಕಂಬದ ಮೇಲಿನ ಧ್ವನಿವರ್ಧಕ ಗೊರಗೊರ ಎಂದಿತು.

"ಗಮನಿಸಿ. ಒಬ್ಬರು ಅಪ್ಪ ಕಾಣೆಯಾಗಿದ್ದಾರೆ. ವಯಸ್ಸು ಮಗಳಿಗೆ ಗೊತ್ತಿಲ್ಲ, ತುಂಬಾ ಅಂತಿದ್ದಾಳೆ. ನೀಲಿ ಶರ್ಟು, ಸ್ವಲ್ಪ ಹೊಟ್ಟೆ. ಫೋನ್ ನೋಡ್ತಾ ಗೇಟಿನ ಕಡೆ ಓಡಿದ್ದಾರೆ." ಇಲ್ಲಿ ಏನೋ ಪಿಸುಪಿಸು ಕೇಳಿಸಿತು. "ಅವರಿಗೆ ಬೇಗ ಹೆದರಿಕೆ ಆಗುತ್ತಂತೆ. ಕಂಡವರು ದಯವಿಟ್ಟು ಬೈಯದೆ ಕಚೇರಿಗೆ ಕರ್ಕೊಂಡು ಬನ್ನಿ."

ನವಿಲಿನ ಮುಂದೆ ನಿಂತಿದ್ದವರೆಲ್ಲ ನನ್ನ ಶರ್ಟು ನೋಡಿದರು, ಆಮೇಲೆ ಹೊಟ್ಟೆ ನೋಡಿದರು. ಕೊಡೆ ಹಿಡಿದ ಒಬ್ಬ ಅಜ್ಜಿ ಮುಂದೆ ಬಂದು ನನ್ನ ಮೊಣಕೈ ಹಿಡಿದರು. "ಬಾಪ್ಪಾ, ಹೆದರ್ಕೋಬೇಡ. ನಿನ್ನ ಮಕ್ಕಳು ಕಾಯ್ತಿದ್ದಾರೆ," ಎಂದು ಮೆಲ್ಲಗೆ ನಡೆಸಿಕೊಂಡು ಹೋದರು.

ತಗಡಿನ ಮಾಡಿನ ಒಂದು ಕೋಣೆ. ಮೇಜಿನ ಮೇಲೆ ಮೈಕು, ಅದರ ಪಕ್ಕದಲ್ಲಿ ಬರಿಗಾಲು ಆಡಿಸುತ್ತಾ ಪಾಪು, ಅವನ ಪಕ್ಕದಲ್ಲಿ ಬಿಸ್ಕತ್ತು ತಿನ್ನುತ್ತಾ ಲಾಯರಮ್ಮ. ಇಬ್ಬರನ್ನೂ ಒಟ್ಟಿಗೆ ಅಪ್ಪಿಕೊಂಡೆ. ಬಾಯಿಂದ ಮಾತು ಬರಲಿಲ್ಲ, ಬೇರೆ ಏನೇನೋ ಬಂತು.

"ಅಪ್ಪ ಅಳ್ತಾ ಇದಾನೆ," ಎಂದ ಪಾಪು, ಮೈಕಿನೊಳಗೆ. ಮೈಕು ಆರಿಸಿರಲಿಲ್ಲ. ಆ ಸುದ್ದಿ ಕೆರೆಯ ಮೇಲೆ ಹಾದು ಆಚೆ ದಡಕ್ಕೆ ಬಡಿದು ಎರಡನೇ ಸಲ ಕೇಳಿಸಿತು. ಕೊಕ್ಕರೆಗಳು ಎದ್ದು ಹಾರಿದವು.

"ಎಲ್ಲಿ ಹೋಗಿದ್ರಿ ಮಕ್ಕಳಾ?" ಎಂದೆ.

"ನಾವು ಎಲ್ಲೂ ಹೋಗಿಲ್ಲ," ಎಂದಳು ಲಾಯರಮ್ಮ. "ಜಾರುಬಂಡೆ ಹಿಂದೆ ಬಾವಿ ತೋಡ್ತಿದ್ವಿ. ನೀನೇ ಓಡಿಹೋದೆ. ನಾನು ಅಪ್ಪಾ ಅಂತ ನಾಲ್ಕು ಸಲ ಕೂಗಿದೆ. ನೀನು ಫೋನ್ ಜೊತೆ ಮಾತಾಡ್ತಿದ್ದೆ."

ಕನ್ನಡಕ ಹಾಕಿದ ಕಚೇರಿಯ ಮೇಡಂ ನನ್ನತ್ತ ಟೆಲಿಫೋನಿನ ರಿಸೀವರ್ ಚಾಚಿದರು. ಮಗಳು ಅಮ್ಮನ ನಂಬರನ್ನು ಕುಂಟೆಬಿಲ್ಲೆಯ ಲೆಕ್ಕದ ಹಾಗೆ ಬಾಯಿಪಾಠ ಒಪ್ಪಿಸಿದ್ದಳಂತೆ. ಲೈನಿನಲ್ಲಿ ನನ್ನ ಹೆಂಡತಿ ಇದ್ದಳು. ನಾನು ಕಣ್ಣು ಮುಚ್ಚಿ ಬೈಗುಳಕ್ಕೆ ಕಾದೆ.

"ನೀರು ಕುಡಿದ್ರಾ?" ಎಂದಳು.

"ಇನ್ನೂ ಇಲ್ಲ."

"ಕುಡೀರಿ. ಸ್ವಲ್ಪ ಕೂತ್ಕೊಳ್ಳಿ. ಮಕ್ಕಳಿಗೆ ಏನೂ ಆಗಿಲ್ಲ ರೀ."

"ಬೈಯಲ್ವಾ?"

"ಬೈಯೋಣ ಅಂತಲೇ ಇದ್ದೆ. ನೀವು ಅತ್ತಿದ್ದು ಇಲ್ಲೀವರೆಗೂ ಕೇಳಿಸ್ತು. ನಮ್ಮ ಲ್ಯಾಬಿನವರೆಲ್ಲ ಯಾರದು ಪಾಪ ಅಂತ ಕೇಳಿದ್ರು. ಪೇಷೆಂಟು ಅಂದೆ." ಅವಳ ದನಿಯೂ ಸ್ವಲ್ಪ ನಡುಗುತ್ತಿತ್ತು. ನಗುವೋ ಬೇರೇನೋ ಗೊತ್ತಾಗಲಿಲ್ಲ.

ನೀರು ಕುಡಿದು, ಪಾಪುವಿಗೆ ಶೂ ಹಾಕಿ, ಮಕ್ಕಳ ಕೈ ಹಿಡಿದು ಹೊರಟೆ. ಮೇಡಂ ತಡೆದರು.

"ಒಂದು ನಿಮಿಷ ಸರ್. ಗುರುತು ಖಚಿತ ಆಗ್ಬೇಕು."

ನಾನು ಕಿಸೆಯಿಂದ ಪತ್ರಿಕೆಯ ಗುರುತಿನ ಚೀಟಿ ತೆಗೆದೆ. ಅವರು ಅದನ್ನು ನೋಡಲೇ ಇಲ್ಲ. ಲಾಯರಮ್ಮನ ಕಡೆ ತಿರುಗಿ, "ಇವರೇನಮ್ಮ ನಿಮ್ಮಪ್ಪ? ಸರಿಯಾಗಿ ನೋಡಿ ಹೇಳು," ಎಂದರು. ಲಾಯರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಯೋಚನೆಗೆ ಬಿದ್ದಳು. ಪಾಪು, "ಆನೆ ಕೆಮ್ಮೋದು ಮಾಡ್ಲಿ," ಎಂದ. ದಿನವೂ ಬೆಳಿಗ್ಗೆ ಅವನನ್ನು ಎಬ್ಬಿಸಲು ನಾನು ಮಾಡುವ ಸದ್ದು ಅದು, ಮನೆಯ ನಾಲ್ಕು ಗೋಡೆಗಳ ಒಳಗಿನ ಕಲೆ. ಬಾಗಿಲಲ್ಲಿ ಕೊಡೆಯ ಅಜ್ಜಿ ಇದ್ದರು. ತಮ್ಮ ಸವೆದ ಶೂ ಹುಡುಕಿಕೊಂಡು ಬಂದಿದ್ದ ಆ ಭಾರೀ ಮನುಷ್ಯನೂ ಹೆಂಡತಿ ಮಗುವಿನೊಡನೆ ನಿಂತಿದ್ದ. ಮೇಡಂ ಮೈಕು ಆರಿಸಿದರು. ಆ ಒಂದು ಉಪಕಾರವನ್ನು ನಾನು ಬದುಕಿರುವವರೆಗೂ ಮರೆಯುವುದಿಲ್ಲ. ಮೂಗಿನ ಮುಂದೆ ತೋಳನ್ನು ಸೊಂಡಿಲು ಮಾಡಿ, ನೆಗಡಿಯಾದ ಆನೆಯಂತೆ ಮೂರು ಸಲ ಕೆಮ್ಮಿದೆ.

"ಹೂಂ, ಇವನೇ," ಎಂದಳು ಲಾಯರಮ್ಮ.

ಮೇಡಂ ಒಂದು ಉದ್ದನೆಯ ರಿಜಿಸ್ಟರ್ ಬಿಚ್ಚಿದರು. ಮೇಲಿನ ಸಾಲುಗಳಲ್ಲಿ 'ಕೊಡೆ, ಕಪ್ಪು, ಕಡ್ಡಿ ಮುರಿದಿದೆ' ಎಂದೂ 'ಹಲ್ಲಿನ ಸೆಟ್ಟು, ಮೇಲಿನದು, ಚೆನ್ನಾಗಿದೆ' ಎಂದೂ ಇತ್ತು. ಮಕ್ಕಳನ್ನು ಪಡೆದುಕೊಂಡೆ ಎಂದು ಸಹಿ ಮಾಡಲು ನಾನು ಪೆನ್ನಿಗೆ ಕೈ ಚಾಚಿದೆ.

"ನೀವಲ್ಲ ಸರ್," ಎಂದು ಅವರು ಪೆನ್ನನ್ನು ಮಗಳಿಗೆ ಕೊಟ್ಟರು. ಹೊಸ ಸಾಲಿನಲ್ಲಿ ಆಗಲೇ ಬರೆದಾಗಿತ್ತು: 'ಅಪ್ಪ, ಒಂದು. ಸಿಕ್ಕಿದ ಜಾಗ: ನವಿಲಿನ ಪಂಜರ.' ಲಾಯರಮ್ಮ ನಾಲಿಗೆ ಹೊರಚಾಚಿ, ಹೊಸದಾಗಿ ಕಲಿತ ಅಕ್ಷರಗಳಲ್ಲಿ, ಪಡೆದುಕೊಂಡವರ ಜಾಗದಲ್ಲಿ ತನ್ನ ಹೆಸರನ್ನು ಗೆರೆಯಾಚೆಗೂ ಚೆಲ್ಲುವಂತೆ ಬರೆದಳು.

"ಸ್ಥಿತಿ ಅಂತ ಒಂದು ಕಾಲಂ ಇದೆ ಪುಟ್ಟಿ. ಏನಂತ ಬರೀಲಿ?" ಎಂದು ಕೇಳಿದರು ಮೇಡಂ.

ಮಗಳು ನನ್ನ ಕೆನ್ನೆಯನ್ನು ತನ್ನ ಅಂಗೈಯಿಂದ ಒಮ್ಮೆ ಒರೆಸಿ ನೋಡಿದಳು.

"ಸ್ವಲ್ಪ ಒದ್ದೆ ಆಗಿದೆ," ಎಂದಳು. "ಪರವಾಗಿಲ್ಲ, ನಮ್ಮದೇ."